ಐರಿಸ್ ನೆಡುವ ಮೊದಲು ಅದರ ತವರು ಯಾವುದು ಅಂತ ಕೇಳಿ

ಆರು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ಆನ್‌ಲೈನ್‌ನಲ್ಲಿ ಐರಿಸ್ ಅನ್ನುವ ಹೂಗಿಡದ ಮೂರು ಗೆಡ್ಡೆ ತರಿಸಿದ್ದೆ. ನೋಡಿದರೆ ಥೇಟ್ ಶುಂಠಿ. ಹಾಗಾಗಿ ಶುಂಠಿ ಹಾಕುವ ಹಾಗೆಯೇ ಮಣ್ಣಿನೊಳಗೆ ಹೂತು, ಮೇಲೆ ಒಣಗಿದ ಎಲೆ ಹೊದಿಸಿ, ಬೆಂಗಳೂರಿನ ಮಳೆಗೆ ಬಿಟ್ಟೆ. ಆಗಸ್ಟ್ ಹೊತ್ತಿಗೆ ಮೂರೂ ಕೊಳೆತು ನಾರುತ್ತಿದ್ದವು. ಅದು ಯಾವ ಜಾತಿ, ಹೇಗೆ ನೆಡಬೇಕು ಅಂತ ಮಾರಿದವರು ಒಂದು ಚೀಟಿಯನ್ನೂ ಇಟ್ಟಿರಲಿಲ್ಲ. ಆಮೇಲೆ ಓದಿ ತಿಳಿದೆ. ನನಗೆ ಬಂದಿದ್ದು ಮೆಡಿಟರೇನಿಯನ್ ಕಡೆಯ ಕಲ್ಲುಗುಡ್ಡದ ಗಿಡ. ಬೇಸಿಗೆಯಲ್ಲಿ ಮಳೆಯೇ ಕಾಣದ ನೆಲ ಅದರ ತವರು. ಅದಕ್ಕೆ ನಾನು ಮುಂಗಾರಿನ ಸ್ನಾನ ಮಾಡಿಸಿದ್ದೆ.

ಐರಿಸ್‌ನಲ್ಲಿ ಹತ್ತಿರಹತ್ತಿರ 300 ಜಾತಿಗಳಿವೆ. ಬಹುತೇಕ ಎಲ್ಲವೂ ಭೂಮಿಯ ಉತ್ತರಾರ್ಧದ ಚಳಿ ನಾಡುಗಳವು. ಆದರೆ ಆ ನಾಡುಗಳು ಒಂದೇ ಥರ ಇಲ್ಲ. ಒಂದು ಜಾತಿ ಒಣ ಬಂಡೆಯ ಸಂದಿನಲ್ಲಿ ಬೆಳೆದರೆ, ಇನ್ನೊಂದು ಮೊಣಕಾಲುದ್ದ ಕೆಸರಿನಲ್ಲಿ ಬೆಳೆಯುತ್ತದೆ. ಕೇಸರಿ ಮತ್ತು ಗ್ಲಾಡಿಯೋಲಸ್ ಕೂಡ ಇದರ ದಾಯಾದಿಗಳೇ. ಹಾಗಾಗಿ ಗಿಡ ಕೈಗೆ ಬಂದ ತಕ್ಷಣ ಗುಂಡಿ ತೋಡಬೇಡಿ. ಮೊದಲು ಅದು ಎಲ್ಲಿಂದ ಬಂದಿದ್ದು ಅಂತ ಪತ್ತೆ ಮಾಡಿ. ಎಷ್ಟು ನೀರು, ಎಷ್ಟು ಆಳ, ಎಂಥ ಮಣ್ಣು ಅನ್ನುವ ಪ್ರಶ್ನೆಗಳಿಗೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಇದೆ.

ಹೆಜ್ಜೆ 1: ಮಣ್ಣಿನ ಕೆಳಗೆ ಏನಿದೆ ನೋಡಿ

ಎರಡೇ ಬಗೆ. ಶುಂಠಿ, ಅರಿಶಿನದ ಹಾಗೆ ಅಡ್ಡಕ್ಕೆ ಹಬ್ಬುವ ಗೆಡ್ಡೆ ಒಂದು. ಇದಕ್ಕೆ ರೈಜೋಮ್ ಅನ್ನುತ್ತಾರೆ. ಇನ್ನೊಂದು ಸಣ್ಣ ಈರುಳ್ಳಿಯ ಹಾಗೆ ದುಂಡಗಿನ ಗೆಡ್ಡೆ, ಅಂದರೆ ಬಲ್ಬ್.

ಬಲ್ಬ್ ಆಗಿದ್ದರೆ ಅದು ಹೆಚ್ಚಾಗಿ ಡಚ್ ಐರಿಸ್ ಆಗಿರುತ್ತದೆ. ಹೂವಿನ ಅಂಗಡಿಯ ಬೊಕೆಗಳಲ್ಲಿ ಕಾಣುವ ಉದ್ದ ಕಾಂಡದ ನೀಲಿ ಐರಿಸ್ ಇದೇ. ಹೆಸರು ಡಚ್ ಆದರೂ ಇದರ ಹೆತ್ತವರು ಸ್ಪೇನ್ ಮತ್ತು ಮೊರಾಕೊ ಕಡೆಯ ಕಾಡು ಜಾತಿಗಳು. ಸುಮಾರು 1900ರ ಆಸುಪಾಸಿನಲ್ಲಿ ಹಾಲೆಂಡಿನವರು ಅವನ್ನು ಬೆರೆಸಿ ಬೆಳೆಸಿದರು. ಅಂಗೈ ಎತ್ತರಕ್ಕೇ ಹೂ ಬಿಡುವ ಪುಟ್ಟ ರೆಟಿಕ್ಯುಲೇಟಾ ಕೂಡ ಬಲ್ಬೇ. ಅದು ಟರ್ಕಿ, ಇರಾನ್, ಕಾಕಸಸ್ ಬೆಟ್ಟಗಳದ್ದು. ಹಿಮ ಕರಗುವಾಗಲೇ ಹೂ ಬಿಡುತ್ತದೆ.

ರೈಜೋಮ್ ಆಗಿದ್ದರೆ ಇನ್ನೂ ಪತ್ತೆ ಕೆಲಸ ಬಾಕಿ ಇದೆ. ಹೂವನ್ನು ನೋಡಬೇಕು.

ಹೆಜ್ಜೆ 2: ಗಡ್ಡವೋ, ಜುಟ್ಟೋ, ಎರಡೂ ಇಲ್ಲವೋ?

ಐರಿಸ್ ಹೂವಿನ ರಚನೆ ಒಮ್ಮೆ ಅರ್ಥವಾದರೆ ಮತ್ತೆ ಮರೆಯುವುದಿಲ್ಲ. ಮೂರು ಎಸಳು ಮೇಲಕ್ಕೆ ನಿಂತಿರುತ್ತವೆ. ಮೂರು ಕೆಳಗೆ ಜೋತು ಬಿದ್ದಿರುತ್ತವೆ. ನಡುವೆ ಇನ್ನೂ ಮೂರು ಚಿಕ್ಕ ಎಸಳು ಇದ್ದ ಹಾಗೆ ಕಾಣುತ್ತದೆ. ಅವು ಎಸಳಲ್ಲ, ಹೂವಿನ ಹೆಣ್ಣು ಭಾಗದ ಕವಲುಗಳು. ಜೋತು ಬಿದ್ದ ಎಸಳು ಜೇನ್ನೊಣಕ್ಕೆ ಜಗಲಿ ಇದ್ದ ಹಾಗೆ. ಅಲ್ಲಿ ಇಳಿದು, ಮೇಲಿನ ಕವಲಿನ ಸೂರಿನಡಿ ತೂರಿ ಒಳಗೆ ಹೋಗುತ್ತದೆ. ಹೋಗುವಾಗ ಬೆನ್ನಿನ ಮೇಲಿರುವ ಬೇರೆ ಹೂವಿನ ಪರಾಗ ಸೂರಿನ ಅಂಚಿಗೆ ಒರೆಸಿಕೊಳ್ಳುತ್ತದೆ. ಇನ್ನೂ ಒಳಗೆ ಹೋದಾಗ ಈ ಹೂವಿನ ಪರಾಗ ಬೆನ್ನಿಗೆ ಅಂಟುತ್ತದೆ. ಹೂ ಬಿಟ್ಟ ಬೆಳಿಗ್ಗೆ ಹತ್ತು ನಿಮಿಷ ಸುಮ್ನೆ ಪಕ್ಕದಲ್ಲಿ ಕೂತು ನೋಡಿ, ಎಲ್ಲ ಕಣ್ಣಿಗೇ ಕಾಣುತ್ತದೆ.

ಈಗ ಆ ಜೋತು ಬಿದ್ದ ಎಸಳಿನ ನಡುವೆ ನೋಡಿ. ಕಂಬಳಿಹುಳದ ಮೈಯಂತೆ ದಟ್ಟ ರೋಮದ ಸಾಲು ಇದ್ದರೆ ಅದು ಗಡ್ಡದ ಐರಿಸ್. ಕೋಳಿ ಜುಟ್ಟಿನಂಥ ಏಣು ಇದ್ದರೆ ಜುಟ್ಟಿನ ಐರಿಸ್. ಎಸಳು ನುಣ್ಣಗಿದ್ದು, ಬರೀ ಬಣ್ಣದ ಗುರುತು ಇದ್ದರೆ ಗಡ್ಡವಿಲ್ಲದ ಐರಿಸ್. ಗಡ್ಡ ಇದ್ದದ್ದು ಒಣ ನೆಲದ್ದು. ಗಡ್ಡ ಇಲ್ಲದ್ದು ಹೆಚ್ಚಿನ ಮಟ್ಟಿಗೆ ತೇವದ್ದು. ಇದಕ್ಕೆ ಅಪವಾದಗಳಿವೆ, ಆದರೂ ಮನೆಯ ತೋಟಕ್ಕೆ ಈ ಒಂದು ಗುರುತು ತುಂಬಾ ಉಪಯೋಗಕ್ಕೆ ಬರುತ್ತದೆ.

ಹೂವಿಲ್ಲ, ಬರೀ ಎಲೆ ಇದೆ ಅಂದರೆ? ನೀಲಿ ಛಾಯೆಯ ಅಗಲವಾದ ಕತ್ತಿಯಂಥ ಎಲೆಗಳು ಬೀಸಣಿಗೆಯಂತೆ ಹರಡಿದ್ದರೆ ಗಡ್ಡದ ಐರಿಸ್ ಇರಬಹುದು. ಬಜೆ ಗಿಡದ ಹಾಗೆ ಉದ್ದಕ್ಕೆ, ಹಸಿರಾಗಿ ನೆಟ್ಟಗೆ ನಿಂತಿದ್ದರೆ ನೀರು ಬಯಸುವ ಐರಿಸ್ ಇರಬಹುದು.

ಬಜೆಯ ಹೆಸರು ಬಂದಿದ್ದಕ್ಕೆ ಒಂದು ಮಾತು. ಯುರೋಪಿನ ಕೆರೆ, ಹಳ್ಳದ ಅಂಚಿನ ಹಳದಿ ಐರಿಸ್‌ಗೆ ಸಸ್ಯಶಾಸ್ತ್ರದಲ್ಲಿ ಸ್ಯೂಡಕೋರಸ್ ಅಂತ ಹೆಸರು. ಅಕೋರಸ್ ಅಂದರೆ ನಮ್ಮ ಬಜೆ. ಹಾಗಾಗಿ ಆ ಹೆಸರಿನ ಅರ್ಥ ಸುಳ್ಳು ಬಜೆ! ಜಪಾನಿನಲ್ಲೂ ಇದೇ ಕಥೆ. ಅಲ್ಲಿ ಬಜೆಗೆ ಶೋಬು ಅನ್ನುತ್ತಾರೆ, ತೋಟದ ಐರಿಸ್‌ಗೆ ಹನಶೋಬು, ಅಂದರೆ ಹೂ ಬಿಡುವ ಬಜೆ. ಭೂಮಿಯ ಎರಡು ತುದಿಯ ಜನ ಒಂದೇ ಎಲೆಯನ್ನು ನೋಡಿ ಒಂದೇ ಮಾತು ಹೇಳಿದ್ದಾರೆ. ಕೇಳಿದಾಗ ನನಗೆ ಬಹಳ ಖುಷಿಯಾಯಿತು. ಆದರೆ ಇಲ್ಲಿ ಎಚ್ಚರ ಬೇಕು. ನಮ್ಮ ಮನೆಗಳಲ್ಲಿ ಕೂಸುಗಳಿಗೆ ಬಜೆ ತೇಯುವ ರೂಢಿ ಇದೆ. ಐರಿಸ್ ಗೆಡ್ಡೆ ವಿಷ, ವಾಂತಿ ಭೇದಿ ಮಾಡಿಸುತ್ತದೆ. ಎಲೆ ಹಿಸುಕಿ ಮೂಸಿ ನೋಡಿ. ಬಜೆಯ ಎಲೆ ಘಮ್ಮೆನ್ನುತ್ತದೆ, ಐರಿಸ್ ಎಲೆಗೆ ಬರೀ ಹಸಿ ಸೊಪ್ಪಿನ ವಾಸನೆ. ಎರಡನ್ನೂ ಅಕ್ಕಪಕ್ಕ ಬೆಳೆಸಲೇಬೇಡಿ. ನಾಯಿ, ಬೆಕ್ಕು, ದನ ಇರುವ ಮನೆಯವರು ಕಿತ್ತ ಗೆಡ್ಡೆಗಳನ್ನು ಅವುಗಳ ಬಾಯಿಗೆ ಸಿಗುವ ಕಡೆ ಬಿಡಬಾರದು.

ಹೆಜ್ಜೆ 3: ತವರಿನ ಕಥೆ ತಿಳಿಯಿರಿ

ಗಡ್ಡದ ಐರಿಸ್‌ನಿಂದ ಶುರು ಮಾಡೋಣ. ಇವತ್ತು ಪಟ್ಟಿಗಳಲ್ಲಿ ಕಾಣುವ ಸಾವಿರಾರು ತಳಿಗಳ ಹಿಂದೆ ಎರಡು ಕಾಡು ಜಾತಿಗಳು ಮುಖ್ಯವಾಗಿ ಇವೆ. ಒಂದು ಕ್ರೊಯೇಷಿಯಾದ ಕರಾವಳಿ ಬೆಟ್ಟಗಳ ತಿಳಿನೇರಳೆ ಪ್ಯಾಲಿಡಾ. ಇನ್ನೊಂದು ಮಧ್ಯ ಮತ್ತು ಪೂರ್ವ ಯುರೋಪಿನ ವೇರಿಗೇಟಾ. ಇದರ ಮೇಲಿನ ಎಸಳು ಹಳದಿ, ಕೆಳಗಿನದರ ಮೇಲೆ ಕೆಂಗಂದು ಗೆರೆ. 19ನೇ ಶತಮಾನದ ತೋಟದವರು ಇವೆರಡನ್ನು ಬೆರೆಸಿ ಬಣ್ಣ ಪಡೆದರು, ಆದರೆ ಹೂವು ಚಿಕ್ಕದಾಗಿಯೇ ಉಳಿಯಿತು. ಆಗ ಕೇಂಬ್ರಿಡ್ಜ್‌ನಲ್ಲಿ ಮೈಕೆಲ್ ಫಾಸ್ಟರ್ ಅನ್ನುವ ಶರೀರಶಾಸ್ತ್ರದ ಪ್ರೊಫೆಸರ್ ಇದ್ದರು. ಅವರಿಗೆ ಐರಿಸ್ ಮೇಲೆ ಜೀವ. ಟರ್ಕಿ ಕಡೆ ಇದ್ದ ಮಿಷನರಿಗಳಿಂದ ಗೆಡ್ಡೆ ತರಿಸಿಕೊಂಡು ಬೆಳೆಸಿದರು. ಹಾಗೆ ಬಂದ ಗಿಡಗಳಿಗೆ ಯುರೋಪಿನವುಗಳಿಗಿಂತ ದುಪ್ಪಟ್ಟು ಕ್ರೋಮೋಸೋಮ್ ಇದ್ದವು. ಆ ಸಂಗತಿ ಆಗ ಯಾರಿಗೂ ಗೊತ್ತಿರಲಿಲ್ಲ. ಅವನ್ನು ಬೆರೆಸಿದ ಮೇಲೆ ಎತ್ತರದ ಕಾಂಡ, ಅಂಗೈಯಗಲ ಹೂವು, ದಪ್ಪ ಎಸಳು ಬಂದವು. ಫಾಸ್ಟರ್ 1907ರಲ್ಲಿ ತೀರಿಕೊಂಡರು. ಈಗಿನ ಎತ್ತರದ ಗಡ್ಡದ ಐರಿಸ್‌ಗಳಲ್ಲಿ ಅವರು ಹಾಕಿದ ದಾರಿ ಇನ್ನೂ ಕಾಣುತ್ತದೆ.

ಪ್ಯಾಲಿಡಾದ ಇನ್ನೊಂದು ಮುಖ ಇಟಲಿಯ ಫ್ಲಾರೆನ್ಸ್ ಸುತ್ತಮುತ್ತ ಇದೆ. ಅಲ್ಲಿ ಇದನ್ನು ಗೆಡ್ಡೆಗಾಗಿ ಬೆಳೆದರು. ಕಿತ್ತಾಗ ಗೆಡ್ಡೆಗೆ ಹೇಳಿಕೊಳ್ಳುವ ಪರಿಮಳ ಇಲ್ಲ. ಸಿಪ್ಪೆ ತೆಗೆದು ಒಣಗಿಸಿ ಎರಡು ಮೂರು ವರ್ಷ ಇಟ್ಟರೆ ನಿಧಾನವಾಗಿ ವಯೊಲೆಟ್ ಹೂವಿನ ಘಮ ಹುಟ್ಟುತ್ತದೆ. ಆರಿಸ್ ಬೇರು ಅಂತ ಇದರ ಹೆಸರು, ಸುಗಂಧ ದ್ರವ್ಯಗಳಲ್ಲಿ ಬಲು ದುಬಾರಿ ಸಾಮಾನು. ಫ್ಲಾರೆನ್ಸ್ ನಗರದ ಲಾಂಛನವೇ ಐರಿಸ್. 1954ರಲ್ಲಿ ಶುರುವಾದ ಐರಿಸ್ ತೋಟವೂ ಅಲ್ಲಿದೆ.

ಇನ್ನೊಂದು ಗಡ್ಡದ ಐರಿಸ್ ನಮ್ಮ ದೇಶದ್ದೇ. ಟುಲಿಪ್ ನೋಡಲು ಏಪ್ರಿಲ್‌ನಲ್ಲಿ ಶ್ರೀನಗರಕ್ಕೆ ಹೋದವರು ಗೋರಿಗಳ ನಡುವೆ ಬಿಳಿ ಮತ್ತು ನೇರಳೆ ಹೂಗಳ ಸಾಲು ನೋಡಿರುತ್ತೀರಿ. ಬಿಳಿಯದರಲ್ಲಿ ಕಾಶ್ಮೀರಿಯಾನಾ ಅನ್ನುವ ಜಾತಿ ಇದೆ. ಸತ್ತವರ ಮಣ್ಣಿನ ಮೇಲೆ ಐರಿಸ್ ನೆಡುವುದು ಅಲ್ಲಿನ ಹಳೆಯ ಪದ್ಧತಿ. ಯೆಮೆನ್ ಮತ್ತು ಸೌದಿ ಕಡೆಯ ಆಲ್ಬಿಕಾನ್ಸ್ ಅನ್ನುವ ಬಿಳಿ ಐರಿಸ್ ಕೂಡ ಹೀಗೆಯೇ ಗೋರಿಯಿಂದ ಗೋರಿಗೆ ಸಾಗಿ ಸ್ಪೇನ್ ತನಕ ಹೋಗಿದೆ. ಅದು ಬೀಜ ಕಟ್ಟುವುದಿಲ್ಲ. ಅಂದರೆ ಅಷ್ಟು ದೂರದ ಒಂದೊಂದು ಗಿಡವನ್ನೂ ಯಾರೋ ಕೈಯಲ್ಲಿ ಹಿಡಿದು ತಂದು ನೆಟ್ಟಿದ್ದಾರೆ.

ಜುಟ್ಟಿನ ಐರಿಸ್‌ಗಳಲ್ಲಿ ಟೆಕ್ಟೋರಮ್ ಒಂದನ್ನು ಹೇಳಿದರೆ ಸಾಕು. ಚೀನಾದಿಂದ ಬಂದ ಇದನ್ನು ಜಪಾನಿನಲ್ಲಿ ಹುಲ್ಲಿನ ಮಾಡಿನ ತುದಿಯ ಮೇಲೆ ಬೆಳೆಸುತ್ತಿದ್ದರು. ಬೇರು ಹೆಣೆದುಕೊಂಡು ಮಾಡು ಗಟ್ಟಿ ನಿಲ್ಲುತ್ತಿತ್ತು.

ಇನ್ನು ನೀರಿನ ಕಡೆಯವು. ಇಲ್ಲಿ ಜಪಾನಿಗೆ ಮೊದಲ ಸ್ಥಾನ. ಕಾಡಿನ ಜೌಗು ಹುಲ್ಲುಗಾವಲಿನ ಎನ್ಸಾಟಾ ಅನ್ನುವ ಒಂದೇ ಜಾತಿಯನ್ನು ಹಿಡಿದು, ಹೊರಗಿನ ಯಾವುದನ್ನೂ ಬೆರೆಸದೆ, ಬರೀ ಆರಿಸಿ ಆರಿಸಿ ನೂರಾರು ಹನಶೋಬು ತಳಿ ಮಾಡಿದ್ದಾರೆ. ಎಡೊ ಕಾಲದಲ್ಲಿ (1603ರಿಂದ 1868) ಮತ್ಸುದೈರಾ ಶೋಒ ಅನ್ನುವವರು ಜೀವನವೆಲ್ಲ ಇದೇ ಕೆಲಸ ಮಾಡಿದರು. ಟೋಕಿಯೊದ ತಳಿಗಳು ತೋಟದಲ್ಲಿ ನಡೆಯುತ್ತಾ ನೋಡಲು. ಕುಮಾಮೊಟೊದ ಹಿಗೊ ತಳಿಗಳು ಕುಂಡದಲ್ಲಿ ಬೆಳೆಸಿ, ಹೂ ಬಿಟ್ಟಾಗ ಮನೆಯೊಳಗೆ ಇಟ್ಟು ಎದುರು ಕೂತು ನೋಡಲು. ಜೂನ್‌ನ ಮಳೆಯಲ್ಲಿ ಇವು ಅರಳುತ್ತವೆ.

ಜಪಾನಿನಲ್ಲಿರುವ ಕನ್ನಡಿಗರಿಗೆ ಒಂದು ಉಪಾಯ. ಅಲ್ಲಿ ಮೂರು ಐರಿಸ್ ಒಂದೇ ಥರ ಕಾಣುತ್ತವೆ. ಎಸಳಿನ ಬುಡದಲ್ಲಿ ಹಳದಿ ಗೀಟು ಇದ್ದರೆ ಹನಶೋಬು. ಬಿಳಿ ಗೀಟು ಇದ್ದರೆ ಕಕಿತ್ಸುಬಾತಾ, ಇದು ನೀರಿನಲ್ಲೇ ನಿಲ್ಲುವ ಗಿಡ. ಬಲೆಯಂಥ ಗೆರೆಗಳಿದ್ದರೆ ಅಯಾಮೆ, ಇದು ಒಣ ನೆಲದಲ್ಲೂ ಬರುತ್ತದೆ. ಎಲೆಯಿಂದಲೂ ಹೇಳಬಹುದು. ಹನಶೋಬು ಎಲೆಯ ನಡುವೆ ಬೆರಳಾಡಿಸಿದರೆ ಎದ್ದ ನರ ತಾಗುತ್ತದೆ, ಕಕಿತ್ಸುಬಾತಾಗೆ ಅದು ಇಲ್ಲ. ಚಿನ್ನದ ಹಾಳೆಯ ಮೇಲೆ ನೀಲಿ ಐರಿಸ್ ಬಿಡಿಸಿದ ಒಗಾತಾ ಕೋರಿನ್ ಅವರ ಪ್ರಸಿದ್ಧ ಪರದೆಗಳಲ್ಲಿ ಇರುವುದು ಕಕಿತ್ಸುಬಾತಾ. ಅವು ಟೋಕಿಯೊದ ನೆಜು ಮ್ಯೂಸಿಯಂನಲ್ಲಿವೆ.

ಸೈಬೀರಿಯನ್ ಐರಿಸ್ ಹೆಸರಿಗೆ ಸೈಬೀರಿಯಾದ್ದು, ಮಧ್ಯ ಯುರೋಪಿನ ಹಸಿ ಹುಲ್ಲುಗಾವಲುಗಳಲ್ಲೂ ಅಷ್ಟೇ ಇದೆ. ಎಲೆ ಹುಲ್ಲಿನಂತೆ ಸಣ್ಣ. ಚಳಿ ನಾಡಿನಲ್ಲಿ ಇದರಷ್ಟು ಕಡಿಮೆ ಆರೈಕೆ ಬೇಡುವ ಐರಿಸ್ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸೆಕೆ ತಡೆಯುವ ಐರಿಸ್ ಬೇಕಾದರೆ ಅಮೆರಿಕದ ಲೂಸಿಯಾನಾ ಕಡೆ ನೋಡಬೇಕು. ಮಿಸಿಸಿಪ್ಪಿ ನದಿಯ ಕೆಳದಂಡೆಯ ಜೌಗಿನಲ್ಲಿ ಐದು ಜಾತಿಗಳಿವೆ. ಅವು ತಮ್ಮ ತಮ್ಮಲ್ಲೇ ಸುಲಭವಾಗಿ ಬೆರೆಯುತ್ತವೆ. 1920ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಸುತ್ತಲಿನ ಕೆಸರಿನಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ಸ್ಮಾಲ್ ಎಷ್ಟೋ ಹೊಸ ಜಾತಿಗಳನ್ನು ಗುರುತಿಸಿದರು. ಆಮೇಲೆ ನೋಡಿದರೆ ಹೆಚ್ಚಿನವು ಹಾಗೆ ಬೆರೆತು ಹುಟ್ಟಿದ ಮಿಶ್ರ ತಳಿಗಳು. ಇಟ್ಟಿಗೆ ಕೆಂಪಿಗೆ ಹತ್ತಿರದ ಬಣ್ಣ ಐರಿಸ್‌ನಲ್ಲಿ ಬೇಕಾದರೆ ಇವುಗಳಲ್ಲೇ ಸಿಗುವುದು. ಗಡ್ಡದ ಐರಿಸ್‌ನಲ್ಲಿ ನಿಜವಾದ ಕೆಂಪು ಇವತ್ತಿಗೂ ಇಲ್ಲ. ಕಡುಗೆಂಪು ಹೂವಿನ ಫೋಟೊ ತೋರಿಸಿ ಮಾರಿದರೆ ಕೊಳ್ಳಬೇಡಿ.

ಹೆಜ್ಜೆ 4: ನಿಮ್ಮ ಊರಿಗೆ ಹೊಂದುವುದನ್ನು ಆರಿಸಿ

ಬೆಂಗಳೂರು, ಮೈಸೂರಿನವರಿಗೆ ನೇರವಾಗಿ ಹೇಳುತ್ತೇನೆ. ಎತ್ತರದ ಗಡ್ಡದ ಐರಿಸ್ ಬೇಡ. ಅದಕ್ಕೆ ಹೂ ಮೊಗ್ಗು ಕಟ್ಟಲು ಗಟ್ಟಿ ಚಳಿಗಾಲ ಬೇಕು. ನಮ್ಮ ಜನವರಿಯ ಚಳಿ ಅದಕ್ಕೆ ಸಾಲದು. ಎಲೆ ಬಂದರೂ ಹೂ ಬರುವುದು ಕಷ್ಟ, ಮಳೆಗಾಲದಲ್ಲಿ ಕೊಳೆಯುವುದು ಸುಲಭ. ಕೊಡಗು, ಚಿಕ್ಕಮಗಳೂರು ತಂಪು ಅಲ್ವಾ ಅಂತ ಕೇಳಬಹುದು. ತಂಪು ನಿಜ, ಆದರೆ ಅಲ್ಲಿನ ಮಳೆ ಇನ್ನೂ ಜಾಸ್ತಿ.

ನಮ್ಮಲ್ಲಿ ಚೆನ್ನಾಗಿ ಬರುವ ಐರಿಸ್ ಒಂದಿದೆ, ಅದರ ಹೆಸರು ಡೊಮೆಸ್ಟಿಕಾ. ಕಿತ್ತಳೆ ಬಣ್ಣದ ಆರು ಎಸಳು, ಮೇಲೆ ಕೆಂಪು ಚುಕ್ಕೆ. ಕಾಯಿ ಒಡೆದಾಗ ಮಿರಮಿರ ಮಿಂಚುವ ಕಪ್ಪು ಬೀಜಗಳ ಗೊಂಚಲು ಕಾಣುತ್ತದೆ. ನರ್ಸರಿಯವರು ಬ್ಲ್ಯಾಕ್‌ಬೆರಿ ಲಿಲ್ಲಿ ಅನ್ನುತ್ತಾರೆ. ಹಿಮಾಲಯದಿಂದ ಚೀನಾ, ಜಪಾನ್ ತನಕ ಇದರ ನೆಲೆ. ಇದರ ಹೆಸರಿನ ಕಥೆ ನಮ್ಮ ಪಕ್ಕದ ಮಲಬಾರಿಗೆ ಸೇರಿದ್ದು. 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ಹಾರ್ಟಸ್ ಮಲಬಾರಿಕಸ್ ಅನ್ನುವ ಮಲಬಾರಿನ ಗಿಡಗಳ ಪುಸ್ತಕದ ಸಂಪುಟಗಳಲ್ಲಿ ಈ ಗಿಡ ಮಲಯಾಳದ ಹೆಸರಿನಲ್ಲೇ ಇದೆ. ಆ ಹೆಸರೇ ಬೆಲಂಕಾಂಡಾ ಆಗಿ ಸಸ್ಯಶಾಸ್ತ್ರಕ್ಕೆ ಹೋಯಿತು. ಗಿಡಗಳಿಗೆ ಈಗಿನ ಸಸ್ಯಶಾಸ್ತ್ರೀಯ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1753ರಲ್ಲಿ ಒಂದು ಕಡೆ ಇದನ್ನು ಆರ್ಕಿಡ್ ಅಂತ ಸೇರಿಸಿಬಿಟ್ಟಿದ್ದರು. ಡಿಎನ್‌ಎ ಪರೀಕ್ಷೆಗಳ ನಂತರ 2005ರಲ್ಲಿ ಇದು ಐರಿಸ್ ಕುಲಕ್ಕೆ ಬಂದು ಸೇರಿತು.

ನರ್ಸರಿಯಲ್ಲಿ ಐರಿಸ್ ಅಂತ ಕೇಳಿದಾಗ ಇನ್ನೆರಡು ಗಿಡ ಸಿಗಬಹುದು. ಬ್ರೆಜಿಲ್ ಕಡೆಯ ವಾಕಿಂಗ್ ಐರಿಸ್ ಒಂದು. ಹೂವಾದ ಮೇಲೆ ಕಾಂಡ ಬಾಗಿ, ತುದಿಯ ಮರಿ ನೆಲಕ್ಕೆ ತಾಗಿ ಬೇರು ಬಿಡುತ್ತದೆ. ಹೀಗೆ ನಡೆದುಕೊಂಡೇ ತೋಟವೆಲ್ಲ ಹಬ್ಬುತ್ತದೆ. ಎರಡನೆಯದು ದಕ್ಷಿಣ ಆಫ್ರಿಕಾದ ಡಯಟಿಸ್. ಇವೆರಡೂ ಲೆಕ್ಕಕ್ಕೆ ಐರಿಸ್ ಅಲ್ಲ, ಅದೇ ಕುಟುಂಬದ ನೆಂಟರು. ಆದರೂ ಧೈರ್ಯವಾಗಿ ತನ್ನಿ, ನಮ್ಮ ಹವೆಗೆ ಬಹಳ ಚೆನ್ನಾಗಿ ಹೊಂದುತ್ತವೆ. ಅರೆನೆರಳು ಇದ್ದರೆ ಮೊದಲನೆಯದು, ಬಿಸಿಲಿದ್ದರೆ ಎರಡನೆಯದು. ಎರಡರ ಹೂವೂ ಹೆಚ್ಚು ದಿನ ಬಾಳುವುದಿಲ್ಲ, ಆದರೆ ಮತ್ತೆ ಮತ್ತೆ ಬರುತ್ತದೆ.

ಹೊರದೇಶದಲ್ಲಿರುವವರಿಗೆ ಆಯ್ಕೆ ಸುಲಭ. ಜರ್ಮನಿ, ಇಂಗ್ಲೆಂಡ್, ಅಮೆರಿಕದ ಉತ್ತರ ಭಾಗದಲ್ಲಿದ್ದರೆ ಗಡ್ಡದ ಐರಿಸ್ ಮತ್ತು ಸೈಬೀರಿಯನ್. ಹ್ಯೂಸ್ಟನ್, ಫ್ಲಾರಿಡಾ ಕಡೆ ಇದ್ದರೆ ಲೂಸಿಯಾನಾ. ಹಳದಿಯ ಸ್ಯೂಡಕೋರಸ್ ಮಾತ್ರ ಅಮೆರಿಕದಲ್ಲಿ ನೆಡಬೇಡಿ. ಕೆರೆ ಹೊಳೆ ಸೇರಿದರೆ ಹಿಡಿತಕ್ಕೆ ಸಿಗದ ಕಳೆ ಅದು. ವಾಷಿಂಗ್ಟನ್ ರಾಜ್ಯ ಸೇರಿದಂತೆ ಹಲವು ಕಡೆ ಅದು ಕಳೆಗಳ ಪಟ್ಟಿಯಲ್ಲಿದೆ.

ಹೆಜ್ಜೆ 5: ನೆಡುವುದು

ಗಡ್ಡದ ಐರಿಸ್: ಜುಲೈನಿಂದ ಸೆಪ್ಟೆಂಬರ್ ಒಳಗೆ ನೆಡಿ, ಹಿಮ ಬೀಳುವುದಕ್ಕೆ ಆರು ವಾರ ಮೊದಲು ಮುಗಿಸಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಗುಂಡಿಯ ನಡುವೆ ಮಣ್ಣಿನ ಸಣ್ಣ ದಿಣ್ಣೆ ಮಾಡಿ. ಗೆಡ್ಡೆಯನ್ನು ಅದರ ಮೇಲೆ ಕೂರಿಸಿ, ಬೇರುಗಳನ್ನು ಎರಡೂ ಬದಿಗೆ ಇಳಿಬಿಡಿ. ಬೇರಿನ ಮೇಲೆ ಮಣ್ಣು ಎಳೆಯಿರಿ. ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣುತ್ತಿರಬೇಕು. ನಾನು ತಪ್ಪಿದ್ದು ಇಲ್ಲೇ. ಗಿಡದಿಂದ ಗಿಡಕ್ಕೆ 30ರಿಂದ 45 ಸೆಂಟಿಮೀಟರ್ ಅಂತರ ಇರಲಿ. ಎಲೆ, ಹುಲ್ಲಿನ ಹೊದಿಕೆ ಬೇಡ. ಹಸಿ ಸಗಣಿ ಗೊಬ್ಬರ, ಯೂರಿಯಾ ಬೇಡವೇ ಬೇಡ. ಸಾರಜನಕ ಜಾಸ್ತಿಯಾದರೆ ಎಲೆ ಕೊಬ್ಬಿ ಗೆಡ್ಡೆ ಕೊಳೆಯುತ್ತದೆ.

ಹನಶೋಬು: ಹುಳಿ ಮಣ್ಣು ಬೇಕು, ಸುಣ್ಣ ಹಾಕಬಾರದು. ಐದು ಸೆಂಟಿಮೀಟರ್ ಆಳಕ್ಕೆ ನೆಡಿ. ಮೊಗ್ಗು ಬರುವಾಗ ಕುಂಡವನ್ನು ನೀರಿನ ತಟ್ಟೆಯಲ್ಲಿ ಇಡಬಹುದು. ಚಳಿಗಾಲದಲ್ಲಿ ನೀರಿನಿಂದ ತೆಗೆಯಿರಿ.

ಲೂಸಿಯಾನಾ: ಕೆಸರು, ಚೆನ್ನಾಗಿ ಕಳಿತ ಗೊಬ್ಬರ, ಮೇಲೆ ದಪ್ಪ ಹೊದಿಕೆ. ಗಡ್ಡದ ಐರಿಸ್‌ಗೆ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಇದರ ಗೆಡ್ಡೆಗೆ ನೇರ ಬಿಸಿಲು ಬಿದ್ದರೆ ಸುಡುತ್ತದೆ.

ಡಚ್ ಬಲ್ಬ್: ಚಳಿ ನಾಡಿನಲ್ಲಿ ಚಳಿಗಾಲಕ್ಕೆ ಮೊದಲು, 10ರಿಂದ 15 ಸೆಂಟಿಮೀಟರ್ ಆಳಕ್ಕೆ. ಬೆಂಗಳೂರಿನಲ್ಲಿ ಆಸೆ ಇದ್ದವರು ಆರರಿಂದ ಎಂಟು ವಾರ ಫ್ರಿಜ್ಜಿನಲ್ಲಿಟ್ಟು, ನವೆಂಬರ್‌ನಲ್ಲಿ ಕುಂಡಕ್ಕೆ ಹಾಕಿ ನೋಡಿ. ಒಂದು ಸಲದ ಹೂವು ಅಂತಲೇ ತಿಳಿಯಿರಿ, ಮರುವರ್ಷ ಬರುತ್ತದೆ ಅಂತ ಕಾಯಬೇಡಿ.

ಡೊಮೆಸ್ಟಿಕಾ: ಬಿಸಿಲು, ನೀರು ಬಸಿಯುವ ಮಣ್ಣು. ಕೆಂಪು ಮಣ್ಣಿಗೆ ಮೂರನೇ ಒಂದು ಪಾಲು ಮರಳು, ಒಂದು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ ಸಾಕು. ಗೆಡ್ಡೆಯ ಮೇಲೆ ಎರಡು ಬೆರಳು ಮಣ್ಣಿರಲಿ. ಕುಂಡದ ತೂತು ಮುಚ್ಚಿಹೋಗಿಲ್ಲ ಅಂತ ಮಳೆಗೆ ಮೊದಲು ನೋಡಿಕೊಳ್ಳಿ.

ಹೆಜ್ಜೆ 6: ಕೊಳೆ ಮತ್ತು ಹುಳು

ಗಡ್ಡದ ಐರಿಸ್‌ನ ಎಲೆ ಬುಡದಲ್ಲಿ ಹಳದಿಯಾಗಿ ವಾಲಿದರೆ ಗೆಡ್ಡೆ ಒತ್ತಿ ನೋಡಿ. ಮೆತ್ತಗಿದ್ದು ಕೆಟ್ಟ ವಾಸನೆ ಬಂದರೆ ಬ್ಯಾಕ್ಟೀರಿಯಾದ ಕೊಳೆ. ಗೆಡ್ಡೆ ಕಿತ್ತು, ಮೆತ್ತಗಿನ ಭಾಗವನ್ನೆಲ್ಲ ಹಳೆ ಚಮಚದಿಂದ ಕೆರೆದು ತೆಗೆಯಿರಿ. ಗಟ್ಟಿ ಬಿಳಿ ತಿರುಳು ಕಾಣುವ ತನಕ ಕೆರೆಯಬೇಕು. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದು, ಎರಡು ಮೂರು ದಿನ ಬಿಸಿಲಿಗಿಟ್ಟು, ಬೇರೆ ಜಾಗದಲ್ಲಿ ನೆಡಿ. ಚಾಕುವನ್ನೂ ಅದೇ ನೀರಿನಲ್ಲಿ ಅದ್ದಿ.

ಅಮೆರಿಕದ ಪೂರ್ವ ಭಾಗದಲ್ಲಿ ಐರಿಸ್ ಬೋರರ್ ಅನ್ನುವ ಹುಳುವಿನ ಕಾಟ ಇದೆ. ಪತಂಗ ಮೊಟ್ಟೆ ಇಡುವುದು ಒಣಗಿದ ಎಲೆಗಳ ಮೇಲೆ. ವಸಂತದಲ್ಲಿ ಮರಿ ಎಲೆಯೊಳಗೆ ಕೊರೆದು ಗೆಡ್ಡೆಗೆ ಇಳಿಯುತ್ತದೆ. ಚಳಿಗಾಲಕ್ಕೆ ಮೊದಲೇ ಒಣ ಎಲೆಗಳನ್ನೆಲ್ಲ ಆರಿಸಿ ಸುಟ್ಟರೆ ಅಥವಾ ಕಸಕ್ಕೆ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಗೊಬ್ಬರದ ಗುಂಡಿಗೆ ಹಾಕಬೇಡಿ.

ಹೆಜ್ಜೆ 7: ಬಿಡಿಸಿ ಮರಿ ಮಾಡುವುದು

ಮೂರು ನಾಲ್ಕು ವರ್ಷದಲ್ಲಿ ಗಡ್ಡದ ಐರಿಸ್‌ನ ನಡುಭಾಗ ಬೋಳಾಗಿ, ಹೂ ಕಡಿಮೆಯಾಗುತ್ತದೆ. ಹೂವಾದ ಆರು ವಾರಕ್ಕೆ ಇಡೀ ಬುಡ ಎತ್ತಿ. ಎಲೆ ಇಲ್ಲದ ಹಳೆ ಗೆಡ್ಡೆ ಎಸೆಯಿರಿ, ಅದು ಮತ್ತೆ ಹೂ ಕೊಡುವುದಿಲ್ಲ. ಅಂಚಿನ ಎಳೆ ಗೆಡ್ಡೆಗಳನ್ನು ಒಂದೊಂದು ಎಲೆಗುಚ್ಛ ಇರುವಂತೆ ಕತ್ತರಿಸಿ. ಎಲೆಗಳನ್ನು ಒಂದು ಗೇಣಿಗಿಂತ ಗಿಡ್ಡ ಮಾಡಿ. ಒಂದು ದಿನ ನೆರಳಲ್ಲಿ ಗಾಯ ಒಣಗಿಸಿ ನೆಡಿ. ಸೈಬೀರಿಯನ್‌ಗೆ ಇಷ್ಟು ಅವಸರ ಇಲ್ಲ, ಅದನ್ನು ಹಲವು ವರ್ಷ ಹಾಗೇ ಬಿಡಬಹುದು. ಡಯಟಿಸ್‌ನ ಹೂ ಕಾಂಡವನ್ನು ಹೂವಾಯಿತು ಅಂತ ಕತ್ತರಿಸಬೇಡಿ, ಅದರ ಎಷ್ಟೋ ಜಾತಿಗಳಲ್ಲಿ ಅದೇ ಕಾಂಡದಲ್ಲಿ ಮತ್ತೆ ಮೊಗ್ಗು ಬರುತ್ತದೆ. ವಾಕಿಂಗ್ ಐರಿಸ್‌ನ ಮರಿಯನ್ನು ತಾಯಿಯಿಂದ ಬಿಡಿಸುವ ಮೊದಲೇ ಪಕ್ಕದ ಕುಂಡದ ಮಣ್ಣಿಗೆ ಒತ್ತಿ ಕಲ್ಲಿಡಿ. ಬೇರು ಹಿಡಿದ ಮೇಲೆ ಕಾಂಡ ಕತ್ತರಿಸಿದರಾಯಿತು.

ಡೊಮೆಸ್ಟಿಕಾವನ್ನು ನಾನು ಬೀಜದಿಂದಲೇ ಮಾಡುತ್ತೇನೆ. ಕಾಯಿ ತಾನಾಗಿ ಒಡೆದು ಕಪ್ಪು ಬೀಜ ಕಾಣುವ ತನಕ ಕಾಯಬೇಕು. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಅರ್ಧ ಇಂಚು ಆಳಕ್ಕೆ ಬಿತ್ತಿ, ಮಣ್ಣು ಒಣಗದಂತೆ ನೋಡಿಕೊಳ್ಳುತ್ತೇನೆ. ಎಲ್ಲ ಬೀಜವೂ ಒಟ್ಟಿಗೆ ಮೊಳೆಯುವುದಿಲ್ಲ. ಕೆಲವು ಮೂರು ನಾಲ್ಕು ವಾರಕ್ಕೆ ಬಂದರೆ, ಕೆಲವು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತವೆ. ಮೊದಲ ಸಸಿಗಳು ಬಂದ ಮೇಲೆ ಆ ಕುಂಡದ ಮಣ್ಣು ಚೆಲ್ಲಬೇಡಿ. ಹೂವು ಸಾಮಾನ್ಯವಾಗಿ ಎರಡನೇ ವರ್ಷಕ್ಕೆ. ಕೆಲವು ಕಾಂಡಗಳನ್ನು ಬೀಜದ ಗೊಂಚಲು ಇರುವಾಗಲೇ ಕತ್ತರಿಸಿ, ನೀರಿಲ್ಲದ ಹೂದಾನಿಯಲ್ಲಿ ಇಡುತ್ತೇನೆ. ಬೀಜ ಬಹಳ ದಿನ ಉದುರುವುದಿಲ್ಲ.